ಮೈಂಡ್ ಮ್ಯಾಪ್ ಕೈಕೊಟ್ಟಿದೆ, ಚೀಟಿಗಳನ್ನು ಜೋಡಿಸುವುದು ಹೇಗೆ?

ಗಂಟೆಮುಳ್ಳು:

ಕಾಲವನ್ನು ಅಳೆಯುವ ಸಾಧನಗಳ ಚರಿತ್ರೆಯನ್ನು ಕುರಿತು ಸಾಮಾನ್ಯ ಓದುಗರಿಗಾಗಿ ಪುಸ್ತಕವೊಂದನ್ನು ಬರೆಯುತ್ತಿದ್ದೇನೆ. ಒಂದು ಸಂಗತಿಗೆ ಒಂದು ಚೀಟಿ ಎಂಬ ಲೆಕ್ಕದಲ್ಲಿ ಟಿಪ್ಪಣಿ ಮಾಡುತ್ತ ಬಂದೆ. ಈಗ ಪೆಟ್ಟಿಗೆಯ ಮುಚ್ಚಳ ಹಾಕಲು ಆಗುತ್ತಿಲ್ಲ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಚೀನಾದ ಸು ಸೊಂಗ್ ಕಟ್ಟಿಸಿದ, ನೀರಿನಿಂದ ಓಡುವ ಗಡಿಯಾರದ ಗೋಪುರ, 1656ರಲ್ಲಿ ಹೈಗೆನ್ಸ್ ರೂಪಿಸಿದ ಲೋಲಕದ ಗಡಿಯಾರ, ಸಮುದ್ರದ ನಡುವೆ ರೇಖಾಂಶ ತಿಳಿಯಲೆಂದು ಜಾನ್ ಹ್ಯಾರಿಸನ್ ಮಾಡಿದ ಗಡಿಯಾರಗಳು, ರೈಲ್ವೆ ವೇಳೆ, ಗ್ರೀನಿಚ್ ಅನ್ನು ಸೊನ್ನೆ ರೇಖಾಂಶವೆಂದು ಒಪ್ಪಿದ 1884ರ ವಾಷಿಂಗ್ಟನ್ ಸಮ್ಮೇಳನ, ಪರಮಾಣುವಿನ ಕಂಪನದಿಂದ ಕಾಲ ಅಳೆಯುವ 1955ರ ಸೀಸಿಯಂ ಗಡಿಯಾರ. ಹೀಗೆ ಎಲ್ಲವೂ ಇವೆ, ಯಾವುದೂ ಕೈಗೆ ಸಿಗುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ನೋಡಬೇಕೆಂದು ದೊಡ್ಡ ಹಾಳೆಯ ನಡುವೆ 'ಕಾಲಮಾಪನ' ಎಂದು ಬರೆದು, ಅದರಿಂದ ಸುತ್ತಲೂ ಕೊಂಬೆಗಳಂತೆ ಗೆರೆ ಎಳೆದು ವಿಷಯಗಳನ್ನು ಬರೆಯುವ ಮೈಂಡ್ ಮ್ಯಾಪ್ ಶುರು ಮಾಡಿದೆ. ಮೊದಲ ಸುತ್ತಿನ ಕೊಂಬೆಗಳು ಚೆನ್ನಾಗಿಯೇ ಬಂದವು: ವ್ಯಕ್ತಿಗಳು, ಸಾಧನಗಳು, ಬಳಕೆ, ನಿಖರತೆ. ಆಮೇಲೆ ಹ್ಯಾರಿಸನ್ ಎಲ್ಲಿಗೆ ಸೇರಬೇಕು ಎಂಬ ಪ್ರಶ್ನೆ ಎದ್ದಿತು. ಅವನು ವ್ಯಕ್ತಿ, ಅವನು ಮಾಡಿದ್ದು ಸಾಧನ, ಅದು ಬೇಕಾಗಿದ್ದು ಹಡಗಿಗೆ, ಅದರ ಹೆಗ್ಗಳಿಕೆ ನಿಖರತೆ. ನಾಲ್ಕು ಕಡೆಯೂ ಹೆಸರು ಬರೆದು ಗೆರೆ ಎಳೆದು ಸೇರಿಸಿದೆ. ಉಳಿದವರದೂ ಇದೇ ಕಥೆ. ಈಗ ಹಾಳೆಯ ಮೇಲೆ ಗೆರೆಗಳು ಕಾಣುತ್ತವೆ, ವಿಷಯ ಕಾಣುವುದಿಲ್ಲ. ಬರೆಯಲು ಕುಳಿತರೆ ಯಾವ ಕೊಂಬೆಯಿಂದ ಆರಂಭಿಸಬೇಕೆಂದೇ ತಿಳಿಯುವುದಿಲ್ಲ.

ಇನ್ನೊಂದು ಅನುಮಾನವೂ ಇದೆ. ಕಣ್ಣು ಮುಚ್ಚಿ ಯಾವುದನ್ನು ನೆನೆದರೂ ನನಗೆ ಚಿತ್ರ ಮೂಡುವುದಿಲ್ಲ. ಪರಿಚಿತರ ಮುಖವೂ ಅಷ್ಟೇ. ಹಾಗಿರುವಾಗ ಈ ಚಿತ್ರದ ಮೂಲಕ ಯೋಚಿಸುವ ವಿಧಾನವೇ ನನ್ನಂಥವರಿಗೆ ಒಗ್ಗುವುದಿಲ್ಲವೇನೋ. ಬಲ್ಲವರು ಹೇಳಬೇಕು.


ಬಣ್ಣದಕಡ್ಡಿ:

ಬಿಟ್ಟುಬಿಡಬೇಡಿ. ಮೈಂಡ್ ಮ್ಯಾಪ್ ಅನ್ನು 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಟೋನಿ ಬುಝಾನ್ ಹೇಳುತ್ತಿದ್ದುದು ಇಷ್ಟು: ಕೊಂಬೆಗೆ ಒಂದೇ ಪದ, ಪ್ರತಿ ಮುಖ್ಯ ಕೊಂಬೆಗೂ ಬೇರೆ ಬಣ್ಣ, ಬುಡ ದಪ್ಪ, ತುದಿ ತೆಳು, ಸಾಧ್ಯವಾದಲ್ಲೆಲ್ಲ ಪುಟ್ಟ ಚಿತ್ರ. ಕಾಗದ ಸಾಲದಿದ್ದರೆ ಕೊಂಬೆಗಳನ್ನು ಮಡಚಿಡಲು ಬರುವ ತಂತ್ರಾಂಶ ಬಳಸಿ. ಬೇಡದ ಭಾಗವನ್ನು ಮಡಚಿಟ್ಟರೆ ಗೊಂದಲ ಕಡಿಮೆಯಾಗುತ್ತದೆ.


ಹಳೆಯ ಕರಡು:

ಗಂಟೆಮುಳ್ಳು ಅವರೇ, ನಾನು ಕಥೆ ಕಾದಂಬರಿಯಲ್ಲದ ಪುಸ್ತಕಗಳ ಹಸ್ತಪ್ರತಿ ತಿದ್ದುವವನು. ಲೇಖಕರು ಸುರುಳಿ ಸುತ್ತಿ ತರುವ ಮೈಂಡ್ ಮ್ಯಾಪ್‌ಗಳನ್ನು ಬೇಕಾದಷ್ಟು ಬಿಚ್ಚಿ ನೋಡಿದ್ದೇನೆ. ಬಣ್ಣ ಹೆಚ್ಚಿದಷ್ಟೂ ನನಗೆ ಭಯ ಹೆಚ್ಚುತ್ತದೆ. ಬಣ್ಣದಕಡ್ಡಿಯವರು ಮನ್ನಿಸಬೇಕು.

ನಿಮ್ಮ ಹಾಳೆಗೆ ಒಂದು ಪರೀಕ್ಷೆ ಮಾಡಿ. ಎಡಗಡೆ ಮೇಲೆ ಇರುವ ಒಂದು ಹೆಸರನ್ನು ಬಲಗಡೆ ಕೆಳಕ್ಕೆ ಒಯ್ಯಿರಿ, ಗೆರೆಯನ್ನೂ ಜೊತೆಗೆ ಎಳೆದುಕೊಂಡು ಹೋಗಿ. ಏನಾದರೂ ಸುಳ್ಳಾಯಿತೇ? ಆಗುವುದಿಲ್ಲ. ಏಕೆಂದರೆ ಆ ಹಾಳೆಯಲ್ಲಿ ಎಡಕ್ಕೂ ಬಲಕ್ಕೂ, ಮೇಲಕ್ಕೂ ಕೆಳಕ್ಕೂ, ಹತ್ತಿರಕ್ಕೂ ದೂರಕ್ಕೂ ಅರ್ಥವಿಲ್ಲ. ಅರ್ಥವೆಲ್ಲ ಗೆರೆಯಲ್ಲಿದೆ. ಅಂದರೆ ನೀವು ಬರೆದಿರುವುದು ವಿಷಯಸೂಚಿ. ಅದನ್ನು ವೃತ್ತಾಕಾರದಲ್ಲಿ ಬಗ್ಗಿಸಿದ್ದೀರಿ. ವಿಷಯಸೂಚಿಯಲ್ಲಿ ಒಂದು ಸಂಗತಿಗೆ ಒಬ್ಬಳೇ ತಾಯಿ. ನಿಮ್ಮ ಹ್ಯಾರಿಸನ್‌ಗೆ ನಾಲ್ವರು. ಜಗಳ ಅಲ್ಲಿಂದ ಆರಂಭವಾದದ್ದು. ಕೊಂಬೆ ಮಡಚಿದರೆ ಜಗಳ ಕಣ್ಣಿಗೆ ಮರೆಯಾಗುತ್ತದೆ, ತೀರುವುದಿಲ್ಲ.

ಈಗ ಇನ್ನೊಂದು ಬಗೆಯ ಹಾಳೆಯನ್ನು ನೋಡಿ. 1869ರಲ್ಲಿ, ಧಾತುಗಳ ಆವರ್ತ ಕೋಷ್ಟಕ ರೂಪಿಸಿದ ರಸಾಯನಶಾಸ್ತ್ರಜ್ಞ ಮೆಂಡಲೀವ್ ಮುಂದೆ ಇದ್ದದ್ದು ಅರುವತ್ತಕ್ಕೂ ಮಿಕ್ಕಿ ಧಾತುಗಳು. ತೂಕದ ಪ್ರಕಾರ ಒಂದು ಪಟ್ಟಿ ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಒಂದು ದಿಕ್ಕಿಗೆ ತೂಕವನ್ನೂ ಇನ್ನೊಂದು ದಿಕ್ಕಿಗೆ ಗುಣಗಳ ಹೋಲಿಕೆಯನ್ನೂ ಕೊಟ್ಟ. ಆಗ ಕೆಲವು ಮನೆಗಳು ಖಾಲಿ ಉಳಿದವು. ಖಾಲಿ ಉಳಿದ ಮನೆಯ ನೆರೆಹೊರೆ ಯಾರು ಎಂದು ನೋಡಿ, ಅಲ್ಲಿಗೆ ಬರಬೇಕಾದ ಧಾತುವಿನ ತೂಕ, ಸಾಂದ್ರತೆಗಳನ್ನು 1871ರಲ್ಲಿ ವಿವರವಾಗಿ ಬರೆದ. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕವು. ಇಲ್ಲಿ ಒಂದು ತುಂಟತನವನ್ನೂ ಗಮನಿಸಿ: ಅಯೋಡಿನ್ ಟೆಲ್ಯೂರಿಯಂಗಿಂತ ಹಗುರ, ಆದರೂ ಅದನ್ನು ಟೆಲ್ಯೂರಿಯಂ ಆದ ಮೇಲೆ ಕೂರಿಸಿದ. ಕ್ಲೋರಿನ್, ಬ್ರೋಮಿನ್‌ಗಳ ಸಾಲಿಗೆ ಅದು ಸೇರಲೇಬೇಕಿತ್ತು. ಇಷ್ಟು ಧೈರ್ಯ ಬರುವುದು ಜಾಗಕ್ಕೆ ಅರ್ಥ ಕೊಟ್ಟವನಿಗೆ ಮಾತ್ರ.

ಪಟ್ಟಿಯಲ್ಲಿ ಖಾಲಿ ಜಾಗ ಇರುವುದಿಲ್ಲ, ಮೈಂಡ್ ಮ್ಯಾಪಿನಲ್ಲೂ ಇರುವುದಿಲ್ಲ. ಹತ್ತನೆಯ ಅಂಶ ಬಿಟ್ಟುಹೋದರೆ ಹನ್ನೊಂದನೆಯದು ಹತ್ತನೆಯದಾಗಿ ಮೇಲೇರಿ ಕೂರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಲೇಖಕನಿಗೆ ತಾನು ಓದಿದ್ದು ಗೊತ್ತಿರುತ್ತದೆ. ಓದದೇ ಬಿಟ್ಟದ್ದನ್ನು ತೋರಿಸುವುದಕ್ಕೆ ದಿಕ್ಕುಗಳಿರುವ ಹಾಳೆ ಬೇಕು.

ಆದರೆ ಹಾಳೆ ತಾನಾಗಿ ಯೋಚಿಸುತ್ತದೆ ಎಂದುಕೊಳ್ಳಬೇಡಿ. 1854ರ ಲಂಡನ್ ಕಾಲರಾವನ್ನು ಕುರಿತ ವೈದ್ಯ ಜಾನ್ ಸ್ನೋನ ನಕ್ಷೆಯನ್ನು ಎಲ್ಲರೂ ಉದಾಹರಿಸುತ್ತಾರೆ. ಒಂದು ಸಾವಿಗೆ ಒಂದು ಕಪ್ಪು ಪಟ್ಟಿ, ಆಯಾ ಮನೆಯ ಮುಂದೆಯೇ. ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಕಪ್ಪು ಗುಂಪುಗೂಡಿದ್ದು ಎದ್ದು ಕಾಣುತ್ತದೆ. ಹಾಗೆಂದು ನಕ್ಷೆ ನೋಡಿ ಅವನಿಗೆ ಜ್ಞಾನೋದಯವಾಯಿತು ಎಂಬ ಮಾತು ಸರಿಯಲ್ಲ. ನೀರಿನ ಮೇಲೆ ಅವನಿಗೆ ಮೊದಲೇ ಅನುಮಾನವಿತ್ತು. ಪಂಪಿನ ಹಿಡಿಯನ್ನು ಸೆಪ್ಟೆಂಬರ್ 8ರಂದು ತೆಗೆಸಿದ್ದಾಗಿತ್ತು. ನಕ್ಷೆ ಬಂದದ್ದು ಆಮೇಲೆ, ಇತರರನ್ನು ಒಪ್ಪಿಸಲು. ಆದರೆ ಹತ್ತಿರದಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರು ಏಕೆ ಸಾಯಲಿಲ್ಲ ಎಂಬ ಪ್ರಶ್ನೆಯೂ ಅದೇ ನಕ್ಷೆಯ ಮೇಲೆ ನಿಲ್ಲುತ್ತದೆ. ಅವರು ಆ ಪಂಪಿನ ನೀರು ಕುಡಿಯುತ್ತಿರಲಿಲ್ಲ. ಅದೇ ಸಾವುಗಳನ್ನು ತಾರೀಖಿನ ಪ್ರಕಾರ ಬರೆದಿದ್ದರೆ ಪಂಪೂ ಇಲ್ಲ, ಕಾರ್ಖಾನೆಯೂ ಇಲ್ಲ. ಆದ್ದರಿಂದ ಮೊದಲು ಪ್ರಶ್ನೆ, ಆಮೇಲೆ ದಿಕ್ಕು.

ಇನ್ನು ನಿಮ್ಮ ಚೀಟಿಗಳು. ಅವು ಚೀಟಿಗಳಾಗಿರುವುದೇ ನಿಮ್ಮ ಭಾಗ್ಯ, ಗೆರೆ ಎಳೆದ ಮೇಲೆ ಸರಿಸಲಾಗದು. ನೇಪಾಳದಲ್ಲಿ ಕ್ಷೇತ್ರಕಾರ್ಯ ಮಾಡಿದ ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿತಾ ಇಂಥ ಚೀಟಿಗಳಿಗೆಂದೇ ಒಂದು ಕ್ರಮ ಹೇಳಿದ್ದಾರೆ. ಎಲ್ಲವನ್ನೂ ನೆಲದ ಮೇಲೆ ಹರಡಿ. ಯಾವುದು ಯಾವುದರ ಪಕ್ಕಕ್ಕೆ ಹೋಗಲು ಬಯಸುತ್ತದೆಯೋ ಅದನ್ನು ಅಲ್ಲಿಗೆ ಸರಿಸಿ. ತಲೆಬರಹವನ್ನು ಗುಂಪು ಕೂಡಿದ ಮೇಲೆ ಕೊಡಿ, ಅದಕ್ಕೆ ಮೊದಲು ಖಂಡಿತ ಬೇಡ. ನೀವು ಇದನ್ನು ತಿರುವುಮುರುವು ಮಾಡಿ 'ವ್ಯಕ್ತಿಗಳು' ಎಂಬ ತಲೆಬರಹ ಮೊದಲು ನಿಲ್ಲಿಸಿದಿರಿ. ಯಾವ ಗುಂಪಿಗೂ ಸೇರದ ಒಂಟಿ ಚೀಟಿಗಳು ಕೆಲವು ಉಳಿಯುತ್ತವೆ, ಅವನ್ನು ಒತ್ತಾಯದಿಂದ ತುರುಕಬೇಡಿ. ಹೊಸದೇನಾದರೂ ಇದ್ದರೆ ಅಲ್ಲಿಯೇ ಇರುವುದು.

ಗುಂಪುಗಳು ಕೂಡಿದ ಮೇಲೆ ದಿಕ್ಕು ಕೊಡಿ. ನಾನಾಗಿದ್ದರೆ ಎಡದಿಂದ ಬಲಕ್ಕೆ ಇಸವಿ ಇಡುತ್ತಿದ್ದೆ, ಸಮ ಅಳತೆಯಲ್ಲಿ. ನೂರು ವರ್ಷಕ್ಕೆ ಒಂದು ಗೇಣು ಎಂದರೆ ಎಲ್ಲ ನೂರು ವರ್ಷಕ್ಕೂ ಒಂದು ಗೇಣು. ಚೀಟಿ ಇಲ್ಲದ ಕಡೆ ಅಳತೆ ಕುಗ್ಗಿಸುವುದು ಮೋಸ. ಮೇಲಿನಿಂದ ಕೆಳಕ್ಕೆ 'ವೇಳೆ ಯಾರಿಗೆ ಬೇಕಿತ್ತು' ಎಂಬುದನ್ನು ಇಡುತ್ತಿದ್ದೆ: ಪ್ರಾರ್ಥನೆಯ ಹೊತ್ತು ಕಾಯುವವರು, ಆಕಾಶ ನೋಡುವವರು, ನಾವಿಕರು, ರೈಲಿನವರು, ಪ್ರಯೋಗಾಲಯದವರು. ಹ್ಯಾರಿಸನ್ ಈಗ ಹದಿನೆಂಟನೆಯ ಶತಮಾನದ ನಡುವೆ, ನಾವಿಕರ ಸಾಲಿನಲ್ಲಿ, ಒಂದೇ ಕಡೆ ಕೂರುತ್ತಾನೆ. ಸು ಸೊಂಗ್ ಆಕಾಶ ನೋಡುವವರ ಸಾಲಿನಲ್ಲಿ, ಬಹಳ ಎಡಕ್ಕೆ. ನಿಖರತೆಗೆ ಬೇರೆ ಕೊಂಬೆ ಬೇಡ, ಚೀಟಿಯ ಮೂಲೆಯಲ್ಲಿ ಸಂಖ್ಯೆ ಬರೆದರೆ ಸಾಕು. ಲೋಲಕಕ್ಕೆ ಮೊದಲಿನ ಗಡಿಯಾರ ದಿನಕ್ಕೆ ಸುಮಾರು 15 ನಿಮಿಷ ತಪ್ಪುತ್ತಿತ್ತು, ಲೋಲಕ ಬಂದ ಮೇಲೆ ಅದು ಸುಮಾರು 15 ಸೆಕೆಂಡಿಗೆ ಇಳಿಯಿತು. ಮೂಲೆಗಳ ಮೇಲೆ ಕಣ್ಣಾಡಿಸಿದರೆ ಈ ಇಳಿತ ಕಾಣಬೇಕು.

ಹೀಗೆ ಮಾಡಿದರೆ ಪರೀಕ್ಷೆ ಗೆಲ್ಲುತ್ತೀರಿ: ಯಾವ ಚೀಟಿಯನ್ನು ಸರಿಸಿದರೂ ಏನೋ ಒಂದು ಸುಳ್ಳಾಗುತ್ತದೆ.


ತಂತಿನಕ್ಷೆ:

ಎರಡನೆಯ ಅನುಮಾನಕ್ಕೆ ನಾನು ಉತ್ತರಿಸುತ್ತೇನೆ, ನನ್ನದೂ ಅದೇ ಸ್ಥಿತಿ. ಕಣ್ಣು ಮುಚ್ಚಿದರೆ ನನಗೆ ಕತ್ತಲೆ, ಬೇರೇನೂ ಇಲ್ಲ. ಆದರೂ ಕಟ್ಟಡಗಳ ವಿದ್ಯುತ್ ತಂತಿಗಳ ನಕ್ಷೆ ಬಿಡಿಸುವುದೇ ನನ್ನ ಉದ್ಯೋಗ. ನಾನು ಕೆಲಸ ಮಾಡಿದ ಕಟ್ಟಡದ ಯಾವ ಗೋಡೆಯ ಬಣ್ಣವನ್ನು ಕೇಳಿದರೂ ಹೇಳಲಾರೆ. ಮೂರನೆಯ ಮಹಡಿಯ ಸ್ವಿಚ್ ಬೋರ್ಡಿನಿಂದ ಲಿಫ್ಟಿನ ಕೋಣೆಗೆ ತಂತಿ ಯಾವ ದಾರಿಯಲ್ಲಿ ಹೋಗಿದೆ ಎಂದು ಕೇಳಿದರೆ ಬೆರಳಿನಿಂದ ಗಾಳಿಯಲ್ಲಿ ಗೀಚಿ ತೋರಿಸಬಲ್ಲೆ.

ಕೆಲವರಿಗೆ ಮನಸ್ಸಿನಲ್ಲಿ ಚಿತ್ರ ಮೂಡುವುದಿಲ್ಲ ಎಂಬುದನ್ನು ಫ್ರಾನ್ಸಿಸ್ ಗಾಲ್ಟನ್ 1880ರಲ್ಲೇ ಗುರುತಿಸಿದ್ದ. ಅಫ್ಯಾಂಟೇಸಿಯಾ ಎಂಬ ಹೆಸರು 2015ರಲ್ಲಿ ಬಂತು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥವರಿಗೆ ಕೋಣೆಗಳ ಫೋಟೊ ತೋರಿಸಿ ಆಮೇಲೆ ನೆನಪಿನಿಂದ ಬಿಡಿಸಲು ಹೇಳಿದರು. ಇತರರಿಗಿಂತ ಕಡಿಮೆ ವಸ್ತುಗಳನ್ನು ಬಿಡಿಸಿದರು, ಬಣ್ಣ ಕಡಿಮೆ ಬಳಸಿದರು. ಆದರೆ ಬಿಡಿಸಿದ ವಸ್ತುಗಳ ಜಾಗ ಮತ್ತು ಗಾತ್ರ ಇತರರಷ್ಟೇ ಸರಿಯಾಗಿದ್ದವು. ಹೇಗಿದೆ ಎಂಬುದು ಬೇರೆ, ಎಲ್ಲಿದೆ ಎಂಬುದು ಬೇರೆ. ಹಳೆಯ ಕರಡು ಅವರು ಹೇಳುತ್ತಿರುವ ಕೆಲಸಕ್ಕೆ ಎರಡನೆಯದು ಸಾಕು. ಹಾಗೆ ನೋಡಿದರೆ ನಮ್ಮಂಥವರೇ ಚೀಟಿಗಳನ್ನು ನೆಲದ ಮೇಲೆ ಹರಡಬೇಕು. ತಲೆಯೊಳಗೆ ಹರಡಿಕೊಳ್ಳುವ ಸೌಲಭ್ಯ ನಮಗಿಲ್ಲ.


ಸೀಮೆಸುಣ್ಣ:

ಎಲ್ಲರೂ ತಲೆದೂಗುತ್ತಿರುವಾಗ ಅಡ್ಡಮಾತು ಆಡುವುದು ನನ್ನ ಪಾಲಿಗೆ ಬಂದಿದೆ. ನಾನು ಶಿಕ್ಷಕಿ. ನಕ್ಷೆ ಬಿಡಿಸಿದರೆ ಪಾಠ ತಲೆಗೆ ಹತ್ತುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವ ಶಿಬಿರಗಳನ್ನು ನೋಡಿ ಬೇಸತ್ತಿದ್ದೇನೆ. 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಕಾರ್ಪಿಕೆ ಮತ್ತು ಬ್ಲಂಟ್ ಅವರ ಪ್ರಯೋಗ ಪ್ರಕಟವಾಯಿತು. ಒಂದು ಗುಂಪು ಪಠ್ಯವನ್ನು ಮುಂದಿಟ್ಟುಕೊಂಡು ಪರಿಕಲ್ಪನೆಗಳ ನಕ್ಷೆ ಬಿಡಿಸಿತು. ಇನ್ನೊಂದು ಗುಂಪು ಓದಿ, ಪಠ್ಯ ಮುಚ್ಚಿಟ್ಟು, ನೆನಪಿಗೆ ಬಂದದ್ದನ್ನು ಬರೆಯಿತು. ವಾರದ ನಂತರದ ಪರೀಕ್ಷೆಯಲ್ಲಿ ಗೆದ್ದದ್ದು ಎರಡನೆಯ ಗುಂಪು. ಅದಕ್ಕಿಂತ ತಮಾಷೆಯೆಂದರೆ, ಪರೀಕ್ಷೆಯಾಗಿ ನಕ್ಷೆಯನ್ನೇ ಬಿಡಿಸಲು ಕೊಟ್ಟಾಗಲೂ ಆ ಗುಂಪೇ ಮುಂದಿತ್ತು.

'ನಾನು ದೃಶ್ಯದ ಮೂಲಕ ಕಲಿಯುವವನು' ಎಂದು ಮಕ್ಕಳಿಗೆ ಹಣೆಪಟ್ಟಿ ಹಚ್ಚುವುದನ್ನೂ ನಿಲ್ಲಿಸಬೇಕು. ಅವರವರ ಶೈಲಿಗೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎನ್ನುವುದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು 2008ರಲ್ಲೇ ಮನೋವಿಜ್ಞಾನಿಗಳ ಸಮೀಕ್ಷೆಯೊಂದು ಹೇಳಿದೆ.

ನೆನಪಿಗೆ ಜಾಗವನ್ನು ಬಳಸುವ ವಿದ್ಯೆ ಬೇರೆ ಇದೆ. ಔತಣದ ನಡುವೆ ಸೂರು ಕುಸಿದಾಗ, ಯಾರು ಎಲ್ಲಿ ಕುಳಿತಿದ್ದರು ಎಂದು ನೆನೆದು ಗುರುತು ಸಿಗದ ಶವಗಳನ್ನು ಗುರುತಿಸಿದ ಗ್ರೀಕ್ ಕವಿ ಸಿಮೊನಿಡೀಸ್‌ನ ಕಥೆಯನ್ನು ಸಿಸೆರೊ ಹೇಳುತ್ತಾನೆ. ಪರಿಚಿತ ಮನೆಯ ಕೋಣೆಕೋಣೆಯಲ್ಲಿ ಒಂದೊಂದು ಸಂಗತಿಯನ್ನು ಇಟ್ಟು ನಡೆಯುತ್ತ ನೆನೆಯುವ ಆ ಕ್ರಮದಲ್ಲಿ ಯಾವ ಸಂಗತಿ ಯಾವ ಕೋಣೆಗೆ ಎಂಬುದಕ್ಕೆ ಅರ್ಥವೇ ಬೇಕಿಲ್ಲ, ಕ್ರಮ ತಪ್ಪದಿದ್ದರೆ ಸಾಕು. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಬೇಡಿ ಎಂಬುದಷ್ಟೇ ನನ್ನ ಮಾತು.


ಹಳೆಯ ಕರಡು:

ಸೀಮೆಸುಣ್ಣ ಮೇಡಂ ಅವರ ಮಾತು ನ್ಯಾಯವಾಗಿದೆ, ಜಗಳವಾಡಲು ಏನೂ ಉಳಿದಿಲ್ಲ. ನಾನು ಹೇಳಿದ್ದು ಜೋಡಿಸುವುದಕ್ಕೆ, ಕಂಠಪಾಠಕ್ಕೆ ಅಲ್ಲ. ಪುಸ್ತಕ ಬರೆಯುವವರು ಪರೀಕ್ಷೆ ಕಟ್ಟುವುದಿಲ್ಲ, ಮರೆತರೆ ಚೀಟಿ ತಿರುಗಿಸಿ ನೋಡುತ್ತಾರೆ. ಆದರೆ ಅವರ ಪ್ರಯೋಗದಿಂದ ನಾವೂ ಒಂದು ಉಪಾಯ ಕದಿಯಬಹುದು. ಚೀಟಿಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ, ಬಿಳಿಯ ಹಾಳೆಯ ಮೇಲೆ ಇಡೀ ಜೋಡಣೆಯನ್ನು ನೆನಪಿನಿಂದ ಬಿಡಿಸಿ ನೋಡಿ. ಯಾವ ಸಾಲು ನೆನಪಿಗೆ ಬರುವುದಿಲ್ಲವೋ ಆ ಅಧ್ಯಾಯವನ್ನು ಬರೆಯಲು ನೀವಿನ್ನೂ ಸಿದ್ಧರಾಗಿಲ್ಲ.


ಗಂಟೆಮುಳ್ಳು:

ಎಲ್ಲರಿಗೂ ಧನ್ಯವಾದಗಳು. ತಂತಿನಕ್ಷೆಯವರ ಮಾತು ಓದಿ ಅರ್ಧ ಭಾರ ಇಳಿಯಿತು.

ಚೀಟಿಗಳನ್ನು ಹರಡಿ ಇಸವಿ ಮತ್ತು 'ಯಾರಿಗೆ ಬೇಕಿತ್ತು' ಎಂಬ ಎರಡು ದಿಕ್ಕುಗಳಲ್ಲಿ ಇಟ್ಟೆ. ಎರಡು ಸಂಗತಿಗಳು ಎದ್ದು ಕಂಡವು. ನಾವಿಕರ ಸಾಲು ಸುಮಾರು 1700ರ ತನಕ ಬರಿದು. ಆಮೇಲೆ ಬ್ರಿಟನ್ನಿನ 1714ರ ರೇಖಾಂಶ ಕಾಯಿದೆ, ಅದು ಘೋಷಿಸಿದ 20,000 ಪೌಂಡ್ ಬಹುಮಾನ, ಹ್ಯಾರಿಸನ್, ಅವನ ಗಡಿಯಾರವನ್ನು ಪರೀಕ್ಷಿಸಲು 1761ರಲ್ಲಿ ಹೊರಟ ಜಮೈಕಾ ಪ್ರಯಾಣ, ಎಲ್ಲವೂ ಒತ್ತೊತ್ತಾಗಿ ಬರುತ್ತವೆ. ಅದಕ್ಕೆ ಮೊದಲು ಹಡಗುಗಳು ಇರಲಿಲ್ಲವೇ? ಇದ್ದವು, ಮರಳುಗಡಿಯಾರ ತಿರುಗಿಸಿ ಪಾಳಿ ಲೆಕ್ಕ ಹಾಕುತ್ತಿದ್ದವು. ನನ್ನ ಪೆಟ್ಟಿಗೆಯಲ್ಲಿ ಮರಳುಗಡಿಯಾರದ ಮೇಲೆ ಒಂದು ಚೀಟಿಯೂ ಇಲ್ಲ! ಈಗ ಓದುತ್ತಿದ್ದೇನೆ.

ಎರಡನೆಯದು ರೈಲಿನವರ ಸಾಲು. ಉಳಿದ ಸಾಲುಗಳ ಚೀಟಿಗಳಲ್ಲಿ ಮೂಲೆಯ ಸಂಖ್ಯೆ ಬಲಕ್ಕೆ ಹೋದಂತೆ ಸಣ್ಣದಾಗುತ್ತ ಹೋಗುತ್ತದೆ. ರೈಲಿನ ಚೀಟಿಗಳ ಮೂಲೆ ಖಾಲಿ. ಬ್ರಿಟನ್ನಿನ ಒಂದು ರೈಲ್ವೆ ಕಂಪನಿ 1840ರಲ್ಲಿ ತನ್ನ ನಿಲ್ದಾಣಗಳಲ್ಲೆಲ್ಲ ಲಂಡನ್ ವೇಳೆಯನ್ನೇ ಜಾರಿಗೆ ತಂದಾಗ ಸೆಕೆಂಡುಗಳ ಮಾತೇ ಇರಲಿಲ್ಲ. ಊರೂರಿಗೂ ಬೇರೆ ಮಧ್ಯಾಹ್ನ ಇರುವುದು ಅವರಿಗೆ ತೊಡಕಾಗಿತ್ತು. ಅವರಿಗೆ ಬೇಕಾಗಿದ್ದು ಎಲ್ಲ ಗಡಿಯಾರಗಳೂ ಒಂದೇ ವೇಳೆ ತೋರಿಸುವುದು. 1884ರ ಸಮ್ಮೇಳನವೂ ಅದಕ್ಕೇ. ಅಂದರೆ ನನ್ನ ಪುಸ್ತಕದಲ್ಲಿ ಎರಡು ಕಥೆಗಳಿವೆ, ಕಾಲವನ್ನು ಸರಿಯಾಗಿ ಅಳೆಯುವುದು ಒಂದು, ಎಲ್ಲರೂ ಒಂದೇ ಕಾಲವನ್ನು ಒಪ್ಪುವುದು ಇನ್ನೊಂದು. ಇಷ್ಟು ದಿನ ಎರಡನ್ನೂ 'ನಿಖರತೆ' ಎಂಬ ಒಂದೇ ಕೊಂಬೆಗೆ ನೇತುಹಾಕಿದ್ದೆ.

ಈಗ ಹೊಸ ಸಂಕಟ. ನೆಲದ ಮೇಲೆ ಎರಡು ದಿಕ್ಕುಗಳಿವೆ. ಪುಸ್ತಕಕ್ಕೆ ಒಂದೇ ದಿಕ್ಕು, ಮೊದಲ ಪುಟದಿಂದ ಕೊನೆಯ ಪುಟಕ್ಕೆ. ಇದನ್ನು ಅದಕ್ಕೆ ಇಳಿಸುವುದು ಹೇಗೆ?


ಹಳೆಯ ಕರಡು:

ಬಹಳ ಲೇಖಕರು ಇಲ್ಲಿಗೆ ಬರುವುದೇ ಇಲ್ಲ, ಜೋಡಣೆಯ ಚೆಂದ ನೋಡುತ್ತ ಕುಳಿತುಬಿಡುತ್ತಾರೆ.

ಒಂದು ಉದ್ದನೆಯ ದಾರ ತೆಗೆದುಕೊಳ್ಳಿ, ಮೊದಲ ಚೀಟಿಯಿಂದ ಕೊನೆಯ ಚೀಟಿಯ ತನಕ ಅದನ್ನು ಹಾಯಿಸಿ. ಆ ದಾರವೇ ಪುಸ್ತಕ. ಸಾಲುಸಾಲಾಗಿ ಹೋದರೆ ಓದುಗ ಪ್ರತಿ ಅಧ್ಯಾಯದಲ್ಲೂ ಮತ್ತೆ ಹಿಂದಿನ ಶತಮಾನಕ್ಕೆ ಹೋಗಬೇಕು, ಬೇಗ ದಣಿಯುತ್ತಾನೆ. ಇಸವಿಯ ಪ್ರಕಾರ ಮೇಲೆ ಕೆಳಗೆ ಹೋದರೆ ಪುಟಕ್ಕೊಮ್ಮೆ ಹಡಗಿನಿಂದ ಪ್ರಾರ್ಥನಾಮಂದಿರಕ್ಕೆ ಜಿಗಿಯಬೇಕು, ಅದು ಇನ್ನೂ ಕಷ್ಟ. ಎರಡು ಸಾಲುಗಳಿಗೂ ಸೇರಿದ ಚೀಟಿಗಳನ್ನು ಹುಡುಕಿ, ದಾರ ಸಾಲು ಬದಲಿಸುವುದು ಅಲ್ಲಿ ಮಾತ್ರ ಇರಲಿ. ಹೈಗೆನ್ಸ್ ಅಂಥವನು: ಆಕಾಶ ನೋಡುವವನು, ಆದರೆ ತನ್ನ ಲೋಲಕವನ್ನು ಹಡಗಿಗೂ ಏರಿಸಿ ನೋಡಿದ. ಹಡಗಿನ ಓಲಾಟಕ್ಕೆ ಲೋಲಕ ನಿಲ್ಲಲಿಲ್ಲ. ಅವನ ಸೋಲಿನ ಪುಟವೇ ಓದುಗನನ್ನು ಆಕಾಶದಿಂದ ಸಮುದ್ರಕ್ಕೆ ಇಳಿಸುತ್ತದೆ, ನೀವು 'ಇನ್ನು ಸಮುದ್ರದ ಕಡೆಗೆ ಹೊರಳೋಣ' ಎಂದು ಬರೆಯಬೇಕಾಗಿಲ್ಲ. (ಆ ವಾಕ್ಯ ಯಾವ ಹಸ್ತಪ್ರತಿಯಲ್ಲಿ ಕಂಡರೂ ಹೊಡೆದುಹಾಕುತ್ತೇನೆ.)

ದಾರ ತನ್ನನ್ನು ತಾನೇ ದಾಟಿದ ಕಡೆಗಳನ್ನು ಗುರುತಿಸಿಕೊಳ್ಳಿ. ಅಲ್ಲಿನ ಸಂಗತಿಯನ್ನು ಎರಡು ಸಲ ಹೇಳುವ ಆಸೆ ಬರುತ್ತದೆ. ಓದುಗನಿಗೆ ಅದು ಬೇಕಾಗುವ ಕಡೆ ಒಂದು ಸಲ ಹೇಳಿ. ದಾರ ಮುಟ್ಟದ ಚೀಟಿಗಳು ಎಷ್ಟು ಪ್ರಿಯವಾಗಿದ್ದರೂ ಪುಸ್ತಕದಿಂದ ಹೊರಗೆ.

ರೈಲಿನವರ ಸಾಲನ್ನು ಉಳಿದವುಗಳಿಂದ ಒಂದು ಮೊಳ ಕೆಳಕ್ಕೆ ಸರಿಸಿ, ನಡುವೆ ನೆಲ ಕಾಣಲಿ. ಎರಡು ಕಥೆ ಎಂದು ನೀವೇ ಕಂಡುಕೊಂಡ ಮೇಲೆ ನೆಲವೂ ಹಾಗೆಯೇ ಹೇಳಬೇಕು. ತಂತಿ ಸಂದೇಶದ ಚೀಟಿ ಅಲ್ಲಿಗೆ ಹೋಗುತ್ತದೆ. ದೂರದ ಊರಿಗೆ ವೇಳೆಯನ್ನು ಆ ಕ್ಷಣವೇ ಮುಟ್ಟಿಸಿದ್ದು ಅದೇ ತಾನೇ. ಎತ್ತುವ ಮೊದಲು ಪ್ರತಿ ಚೀಟಿಯ ಹಿಂದೆ ಸಾಲು, ಇಸವಿ ಬರೆದು ಒಂದು ಫೋಟೊ ತೆಗೆದುಕೊಳ್ಳಿ, ಫ್ಯಾನ್ ಹಾಕಬೇಡಿ.

ಒಂದು ಕುತೂಹಲ. 1967ರ ಚೀಟಿ ಎಲ್ಲಿದೆ? ಸೀಸಿಯಂ ಪರಮಾಣುವಿನ 9,192,631,770 ಕಂಪನಗಳನ್ನು ಒಂದು ಸೆಕೆಂಡು ಎಂದು ಜಗತ್ತು ಒಪ್ಪಿದ್ದು.


ಗಂಟೆಮುಳ್ಳು:

ಪ್ರಯೋಗಾಲಯದ ಸಾಲಿನ ಬಲತುದಿಯಲ್ಲಿತ್ತು. ನಿಮ್ಮ ಪ್ರಶ್ನೆ ಓದಿ ಎದ್ದು ಹೋಗಿ ನೋಡಿದೆ. ಅಳತೆಯ ಕಥೆಯಲ್ಲಿ ಅದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಒಪ್ಪಿಗೆಯ ಕಥೆಯಲ್ಲಿ ಎಲ್ಲಕ್ಕಿಂತ ವಿಶಾಲವಾದದ್ದು. ನಡುವಿನ ನೆಲದ ಮೇಲೆ ಇಟ್ಟಿದ್ದೇನೆ. ದಾರ ಅಲ್ಲಿಗೆ ಕೊನೆಯಾಗಬೇಕೆಂದು ನನಗೆ ಅನ್ನಿಸುತ್ತಿದೆ. ಹಾಗಾದರೆ 1884 ಅದಕ್ಕೆ ಸ್ವಲ್ಪ ಮೊದಲು ಬರಬೇಕು, ಹ್ಯಾರಿಸನ್ ಪುಸ್ತಕದ ನಡುವಿಗೆ ಬರುತ್ತಾನೆ. ಮರಳುಗಡಿಯಾರದ ಚೀಟಿಗಳು ಕೈಗೆ ಬಂದ ಮೇಲೆ ದಾರವನ್ನು ಇನ್ನೊಮ್ಮೆ ಹಾಯಿಸಿ ಫೋಟೊ ಹಾಕುತ್ತೇನೆ.